ದಾನಿಯನ್ನು ಹೊಗಳುವ ಮುನ್ನ

ಧರ್ಮಾರ್ಥ ಭೋಜನಕೂಟದಲ್ಲಿ ದಾನಿಗಳಿಗೆ ವಂದನೆ ಹೇಳುವ ಕೆಲಸ ನಿನ್ನ ಪಾಲಿಗೆ ಬಂದಿದೆಯಂತೆ, ಅದೂ ಕ್ಯಾಂಟನೀಸಿನಲ್ಲಿ. ಸಂತೋಷ. ಹಾಂಗ್‌ಕಾಂಗಿಗೆ ಬಂದ ನಮ್ಮ ಹುಡುಗರಲ್ಲಿ ಬಹಳ ಮಂದಿ ದಿನಬಳಕೆಯ ವಂದನೆಯಾದ ‘ಮ್ ಗೊಯ್’ಗೇ ನಿಂತುಬಿಡುತ್ತಾರೆ. ಆದರೆ ನಿನ್ನ ಕರಡಿನಲ್ಲಿ ನಾಲ್ಕಕ್ಷರದ ನುಡಿಗಟ್ಟುಗಳನ್ನು ತುರುಕಿದ್ದೀಯ. ಒಂದು ಸಾಕು.

‘ಲೊಕ್ ಸಿನ್ ಹೊವ್ ಸಿ’ ಇಟ್ಟುಕೋ: ಒಳಿತಿನಲ್ಲಿ ಸಂತೋಷ, ಕೊಡುವುದರಲ್ಲಿ ಪ್ರೀತಿ. ಚಿಂಗ್ ಅರಸರ ಕಾಲದಲ್ಲಿ ದೊಡ್ಡ ದಾನಿಗಳಿಗಾಗಿ ಈ ಅಕ್ಷರಗಳನ್ನು ಕೆತ್ತಿದ ಕಮಾನು ನಿಲ್ಲಿಸಲು ಆಸ್ಥಾನವೇ ಅಪ್ಪಣೆ ಕೊಡುತ್ತಿತ್ತು. ಅಂದರೆ ಇದು ಸಭೆಯ ಮಾತು, ಶಾಸನದ ಮಾತು. ಮೂರನೆಯ ಅಕ್ಷರದಲ್ಲಿ ಮಾತ್ರ ಎಚ್ಚರ. ದಿನವೂ ‘ಒಳ್ಳೆಯದು’ ಎನ್ನಲು ಅದನ್ನು ಏರುದನಿಯಲ್ಲಿ ಆಡುತ್ತೀಯಲ್ಲ, ಇಲ್ಲಿ ಅದಕ್ಕೆ ‘ಇಷ್ಟಪಡು’ ಎಂಬರ್ಥ. ದನಿ ಏರದೆ ಸಮನಾಗಿ ನಿಲ್ಲಬೇಕು. ಹಿರಿಯರ ಕಿವಿ ಅಲ್ಲೇ ನೆಟ್ಟಿರುತ್ತದೆ.

‘ಸ್ಯೂತ್ ಜುಂಗ್ ಸುಂಗ್ ತಾನ್’, ಹಿಮದಲ್ಲಿ ಇದ್ದಿಲು ಕಳಿಸುವುದು, ಚೆಂದದ ಮಾತೇ. ಹಿಮ ಕಾಣದ ಈ ಊರಲ್ಲೂ ಎಲ್ಲರೂ ಆಡುತ್ತಾರೆ. ಆದರೆ ಕಷ್ಟಕಾಲದಲ್ಲಿ ಒದಗಿದ ನೆರವಿಗಷ್ಟೇ ಅದು. 1870ರಲ್ಲಿ ಸ್ಥಾಪನೆಯಾದ ತುಂಗ್ ವಾ ಆಸ್ಪತ್ರೆಯ ವರ್ತಕರು ಕೆಲವೇ ವರ್ಷಗಳಲ್ಲಿ ಉತ್ತರ ಚೀನಾದ ಮಹಾಕ್ಷಾಮಕ್ಕೆ ಹಣ ಕೂಡಿಸಿ ಕಳಿಸಿದರಲ್ಲ, ಅಂಥದ್ದಕ್ಕೆ ಒಪ್ಪುತ್ತದೆ. ಹವಾನಿಯಂತ್ರಿತ ಕ್ಲಬ್ಬಿಗೆ ಪಿಯಾನೊ ಕೊಟ್ಟವರಿಗೆ ಹೇಳಿದರೆ ನಗುತ್ತಾರೆ. ಅದಕ್ಕೆ ಜರಿಬಟ್ಟೆಯ ಮೇಲೆ ಮತ್ತೆ ಹೂ ಹಾಕುವ ಬೇರೆ ನುಡಿಗಟ್ಟೇ ಇದೆ.

ನಿಜವಾದ ಎಡವಟ್ಟು ಕೊನೆಯ ಸಾಲಿನಲ್ಲಿದೆ. ನಮ್ಮ ಸಂಘವೂ ‘ಹೊಂಗ್ ಕೊಯ್ ಗಾಯ್ ನೊಂಗ್’, ಉದಾರವಾಗಿ ಚೀಲ ಬಿಚ್ಚಿತು ಅಂದಿದ್ದೀಯ. ಅದು ಪರರನ್ನು ಹೊಗಳುವ ಮಾತು ಮಾರಾಯ! ನಮ್ಮದಕ್ಕೆ ‘ಸಿವ್ ಸಿವ್ ಸಮ್ ಯೀ’, ಏನೋ ಅಲ್ಪ ಕಾಣಿಕೆ. ಲಕ್ಷ ಡಾಲರ್ ಕೊಟ್ಟವರೂ ಹಾಗೇ ಅನ್ನುವುದು. ಮೇಲಾಗಿ ಆ ಹಣ ಸದಸ್ಯರ ಚಂದಾ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುತ್ತೇವಲ್ಲ, ಇಲ್ಲಿಯವರೂ ‘ಹೊಂಗ್ ತಾ ಯನ್ ಜಿ ಕೊಯ್’ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ.

ಊಟದ ಮೇಜಿಗೆ ಬಂದ ಮೇಲೆ ಇವನ್ನೆಲ್ಲ ಮಡಿಸಿಡು. ಯಾರಾದರೂ ಬಿಲ್ಲು ಕೊಟ್ಟರೆ ‘ದೊ ಜೇ’ ಅನ್ನು. ಕೊಡುಗೆಗೆ ಹೇಳುವ ವಂದನೆ ಅದು, ಸಣ್ಣ ಕೆಲಸ ಮಾಡಿಕೊಟ್ಟರೆ ‘ಮ್ ಗೊಯ್’. ಬಿಲ್ಲು ಕೊಟ್ಟವನಿಗೆ ಶಾಸನದ ಭಾಷೆ ಹಚ್ಚಿದರೆ, ತಾನು ‘ಗು ಹೊನ್’, ಶುದ್ಧ ಜಿಪುಣ, ಎಂದು ನೀನು ಚುಚ್ಚಿದೆ ಅಂದುಕೊಂಡಾನು.

ತಿದ್ದಿದ ಪ್ರತಿ ತಂದು ನನ್ನೆದುರು ಗಟ್ಟಿಯಾಗಿ ಓದು. ನಿನ್ನ ನೆರೆಮನೆಯ ಅಜ್ಜಿಗೂ ಓದಿ ತೋರಿಸು, ದನಿಯ ವಿಷಯದಲ್ಲಿ ನನಗಿಂತ ಅವರ ಕಿವಿ ಚುರುಕು.