ರಜೆ ಮಕ್ಕಳಿಗೆ, ಓವರ್‌ಟೈಮ್ ನಮಗೆ!

ಏಪ್ರಿಲ್ ಎರಡನೇ ವಾರ ಬಾಗಿಲು ಹಾಕಿದ ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ಅಷ್ಟರಲ್ಲಿ ಅಮ್ಮಂದಿರು ಹೈರಾಣು. (ಅಪ್ಪಂದಿರು ಬೇಸರಿಸಬೇಡಿ, ಬಹುಪಾಲು ಮನೆಗಳ ಕಥೆ ಇದೇ.)

‘ಬೋರ್ ಆಗ್ತಿದೆ’ ಅಂದ ಕೂಡಲೇ ರಂಜಿಸಲು ಓಡಬೇಡಿ. ಅರ್ಧ ಗಂಟೆ ಸುಮ್ಮನಿರಿ. ದಿಂಬು, ಬೆಡ್‌ಶೀಟು, ಕುರ್ಚಿಗಳೆಲ್ಲ ಸೇರಿ ನಡುಮನೆಯಲ್ಲಿ ಗುಡಾರವೊಂದು ಎದ್ದಿರುತ್ತದೆ. ಸಂಜೆವರೆಗೆ ಅದನ್ನು ಬಿಚ್ಚಿಸಲೂ ಹೋಗಬೇಡಿ. ತಿಂಡಿಯ ಕಾಟಕ್ಕೆ ಒಂದು ಉಪಾಯ: ಬೆಳಗ್ಗೆಯೇ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ, ಹುರಿಗಡಲೆ, ಬೆಲ್ಲ ತುಂಬಿಡಿ, ಪಕ್ಕದಲ್ಲಿ ಬಾಳೆಹಣ್ಣು. ‘ಇವತ್ತಿಗೆ ಇಷ್ಟೇ, ಯಾವಾಗ ಬೇಕಾದ್ರೂ ತಿನ್ನಿ’ ಅನ್ನಿ. ಹನ್ನೊಂದು ಗಂಟೆಗೇ ಖಾಲಿಯಾದರೆ ಆಗಲಿ, ನಾಳೆ ಲೆಕ್ಕ ಹಾಕಿ ತಿನ್ನುತ್ತಾರೆ.

ಬೇಸಿಗೆ ಶಿಬಿರ ಒಳ್ಳೆಯದೇ. ಮೈಸೂರಿನವರಿಗೆ ರಂಗಾಯಣದ ಚಿಣ್ಣರ ಮೇಳವಿದೆ, ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಬಾಲಭವನ. ಆದರೆ ಈಜು, ಕರಾಟೆ, ಅಬ್ಯಾಕಸ್ ಮೂರಕ್ಕೂ ಸೇರಿಸಿದರೆ ಉರಿಬಿಸಿಲಲ್ಲಿ ಸ್ಕೂಟರ್ ಓಡಿಸುವವರು ನೀವೇ. ಒಂದು ಸಾಕು.

ಅಜ್ಜಿ ಮನೆಗೆ ಕಳಿಸುತ್ತೀರಾ? ಧಾರಾಳವಾಗಿ. ಅಜ್ಜಿಗೂ ಮಂಡಿನೋವಿದೆ ಅನ್ನುವುದು ನೆನಪಿರಲಿ, ವಾರ ಹತ್ತು ದಿನಕ್ಕೆ ಕರೆತನ್ನಿ.

ಇನ್ನು, ಊಟವಾದ ಮೇಲೆ ಒಂದು ಗಂಟೆ ನಿಮ್ಮದು. ಮಕ್ಕಳು ಚಿಕ್ಕವರಾದರೆ ಗಂಡ ಹೆಂಡತಿ ಸರದಿ ಹಾಕಿಕೊಳ್ಳಿ. ಆ ಹೊತ್ತಿನಲ್ಲಿ ಪಾತ್ರೆ ತೊಳೆಯುವ ಹಾಗಿಲ್ಲ!