ಬಿದ್ದ ಮೇಲೆ ಮತ್ತೆ ಬೈಕ್ ಏರಬೇಕೇ?

ತೊಡೆಮೂಳೆ ಮುರಿದು, ರಾಡ್ ಹಾಕಿಸಿಕೊಂಡು, ಈಗಷ್ಟೇ ಊರುಗೋಲು ಬಿಟ್ಟಿರುವ ಯುವಕನೊಬ್ಬ ಪತ್ರ ಬರೆದು ಕೇಳಿದ್ದಾನೆ: ಸ್ಪೋರ್ಟ್ಸ್ ಬೈಕ್ ಮಾರಲೇ, ಇಟ್ಟುಕೊಳ್ಳಲೇ?

ಈ ತಿಂಗಳು ಯಾವ ನಿರ್ಧಾರವೂ ಬೇಡ.

ಅವಸರದ ಬೆಲೆ ಏನೆಂದು ಬೈಕ್ ರೇಸರ್ ಮಾರ್ಕ್ ಮಾರ್ಕೆಜ್ ಬದುಕು ಹೇಳುತ್ತದೆ. 2020ರ ಜುಲೈನಲ್ಲಿ ಸ್ಪೇನಿನ ಹೆರೆಜ್‌ನಲ್ಲಿ ಬಿದ್ದು ಬಲತೋಳು ಮುರಿದುಕೊಂಡ ಅವರು ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ಮತ್ತೆ ಟ್ರ್ಯಾಕ್‌ಗೆ ಇಳಿದರು. ಆಮೇಲೆ ತೋಳಿನ ಮೂಳೆಗೆ ಹಾಕಿದ್ದ ಪ್ಲೇಟ್ ಕೆಟ್ಟಿತು, ಇಡೀ ಋತು ಕೈತಪ್ಪಿತು. ಆ ಒಂದೇ ತೋಳಿಗೆ ನಾಲ್ಕು ಶಸ್ತ್ರಚಿಕಿತ್ಸೆ. ಮತ್ತೆ ವಿಶ್ವ ಚಾಂಪಿಯನ್ ಆಗಿದ್ದು 2025ರಲ್ಲಿ.

ಇನ್ನೊಬ್ಬ ರೇಸರ್ ಮಿಕ್ ಡೂಹನ್ 1992ರಲ್ಲಿ ಅಸೆನ್‌ನಲ್ಲಿ ಬಿದ್ದು ಬಲಗಾಲನ್ನೇ ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದರು. ಪಾದದ ಚಲನೆ ಕುಂದಿದಾಗ ಹಿಂಬದಿ ಬ್ರೇಕನ್ನು ಹೆಬ್ಬೆರಳಿಗೆ ತಂದುಕೊಂಡು, 1994ರಿಂದ 1998ರವರೆಗೆ ಸತತ ಐದು ವಿಶ್ವ ಪ್ರಶಸ್ತಿ ಗೆದ್ದರು. ಆದರೆ 1999ರಲ್ಲಿ ಹೆರೆಜ್‌ನಲ್ಲಿ ಮತ್ತೆ ಬಿದ್ದಾಗ ನಿವೃತ್ತರಾದರು. ಆ ನಿವೃತ್ತಿಯನ್ನು ಯಾರೂ ಹೇಡಿತನ ಎನ್ನಲಿಲ್ಲ, ಎನ್ನಲೂಬಾರದು.

ಪತ್ರದಲ್ಲಿ ಒಂದು ವಿಷಯ ಕಾಣುತ್ತಿಲ್ಲ: ಅಪಘಾತ ಆಗಿದ್ದು ಏಕೆ? ತಿರುವಿನಲ್ಲಿ ವೇಗ ಹೆಚ್ಚಾಯಿತೇ, ಮರಳಿತ್ತೇ, ಎದುರಿನವರ ತಪ್ಪೇ? ತನ್ನ ತಪ್ಪಾಗಿದ್ದರೆ ತರಬೇತಿಯಿಂದ ತಿದ್ದಿಕೊಳ್ಳಬಹುದು. ಹೆದ್ದಾರಿಗೆ ನುಗ್ಗುವ ನಾಯಿ, ದನ, ಟ್ರ್ಯಾಕ್ಟರ್‌ಗಳನ್ನು ಯಾವ ತರಬೇತಿಯೂ ತಡೆಯದು. ವೇಗದ ಆಸೆ ತೀರದಿದ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ. ನಂದಿಬೆಟ್ಟದ ರಸ್ತೆ ಅದಕ್ಕಲ್ಲ.

ಹ್ಯಾಂಡಲ್ ಹಿಡಿದರೆ ಕೈ ನಡುಗುತ್ತದೆ, ನಿದ್ದೆಯಲ್ಲಿ ಬೆಚ್ಚಿಬೀಳುತ್ತೇನೆ ಎಂದೂ ಬರೆದಿದ್ದಾನೆ. ಇದಕ್ಕೆ ಚಿಕಿತ್ಸೆಯಿದೆ, ಮನೋವೈದ್ಯರನ್ನು ಕಾಣಲಿ. ಮೂಳೆ ಕೂಡಿದೆಯೆಂದು ಎಕ್ಸ್‌ರೇ ನೋಡಿ ವೈದ್ಯರು ಹೇಳುವವರೆಗೆ ಕೀಲಿಕೈ ಮನೆಯವರ ಬಳಿಯೇ ಇರಲಿ. ಪೆಟ್ಟು ತಿಂದ ಹೆಲ್ಮೆಟ್ಟನ್ನು ಮಾತ್ರ ಇವತ್ತೇ ಎಸೆಯಲಿ.