ಶಕ್ತಿತಸ್ತಪವೂ ಭಾವೀ ಮಾತೆಯ ಆಹಾರವೂ

ಕೊಪಣವೆಂದು ಶಾಸನಗಳಲ್ಲಿ ಖ್ಯಾತವಾದ ಕೊಪ್ಪಳವು ಪುರಾತನ ಜೈನತೀರ್ಥವು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಶ್ರಾವಕರ ಮನೆಗಳಲ್ಲಿ ವಿವಾಹಯೋಗ್ಯ ಕನ್ಯೆಯರೂ ಅಷ್ಟಮಿ-ಚತುರ್ದಶಿಗಳ ಏಕಾಶನ, ದಶಲಕ್ಷಣ ಪರ್ವದ ಉಪವಾಸಗಳನ್ನು ಕೈಗೊಳ್ಳುವುದುಂಟು. ಚಾತುರ್ಮಾಸದ ವ್ರತಗಳು ಮುಗಿದ ಬಳಿಕ ಮದುವೆಯ ಕಾಲ ಬರುತ್ತದೆ. ಆಗ ಕನ್ಯೆಯು ರಕ್ತಹೀನಳಾಗಿ ಪತಿಗೃಹವನ್ನು ಸೇರಿದರೆ ಅದರ ಫಲವನ್ನು ಗರ್ಭಸ್ಥ ಶಿಶುವೂ ಅನುಭವಿಸಬೇಕಾಗುತ್ತದೆ.

ತತ್ತ್ವಾರ್ಥಸೂತ್ರವು ಹೇಳುವ ಷೋಡಶ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪಗಳು ಸೇರಿವೆ. ಶಕ್ತಿಯನ್ನು ಮರೆಮಾಚದೆ, ಶಕ್ತಿಯನ್ನು ಮೀರದೆ ಆಚರಿಸುವುದೇ ತಪಸ್ಸು. ಆದುದರಿಂದ ವ್ರತವನ್ನು ಸ್ವೀಕರಿಸುವ ಮುನ್ನ ದೇಹಬಲವನ್ನು ಅರಿಯುವುದು ಧರ್ಮಕ್ಕೆ ವಿರುದ್ಧವಲ್ಲ. ಗರ್ಭಿಣಿಯಲ್ಲದ ಸ್ತ್ರೀಯ ರಕ್ತದಲ್ಲಿ 100 ಮಿಲಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ವಿವಾಹಕ್ಕೆ ಕೆಲವು ತಿಂಗಳು ಮೊದಲೇ ಇದನ್ನು ಪರೀಕ್ಷಿಸಿಕೊಳ್ಳಬೇಕು.

ಶಿಶುವಿನ ಮಿದುಳು, ಬೆನ್ನುಹುರಿಗಳಾಗುವ ನಾಳವು ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ತಾಯಂದಿರಿಗೆ ಅಷ್ಟರಲ್ಲಿ ಗರ್ಭದ ಅರಿವೇ ಇರದು. ಆದಕಾರಣ ಗರ್ಭಧಾರಣೆಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ಮೂರನೆಯ ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ವೈದ್ಯರ ಸಲಹೆಯಂತೆ ಸೇವಿಸಬೇಕು. ಕೆಲವು ಔಷಧಗಳ ಹೊರಕವಚವು ಪ್ರಾಣಿಜನ್ಯ ಜಿಲೆಟಿನ್‌ನಿಂದಾದುದು. ಒತ್ತಿ ಮಾಡಿದ ಮಾತ್ರೆಯನ್ನು ಕೇಳಿ ಪಡೆದರೆ ಆ ಶಂಕೆ ಇರದು. ಸೂರ್ಯಾಸ್ತಕ್ಕೆ ಮುನ್ನವೇ ಅದನ್ನು ಸೇವಿಸಬಹುದು.

ಕಂದಮೂಲಗಳನ್ನು ತ್ಯಜಿಸಿಯೂ ಪುಷ್ಟಿಯನ್ನು ಪಡೆಯಲು ಅಡ್ಡಿಯಿಲ್ಲ. ಕುಷ್ಟಗಿ, ಯಲಬುರ್ಗಾಗಳ ಸಜ್ಜೆಯಲ್ಲಿ ಕಬ್ಬಿಣದ ಅಂಶವು ಗಂಗಾವತಿಯ ಬಿಳಿಯಕ್ಕಿಗಿಂತ ಅಧಿಕ. ಸಜ್ಜೆಯ ರೊಟ್ಟಿಯೊಡನೆ ಹೆಸರು, ಅಲಸಂದಿ, ಎಳ್ಳು ಇರಲಿ. ನಿಂಬೆಯ ರಸವು ಕಬ್ಬಿಣವು ದೇಹಗತವಾಗಲು ನೆರವಾಗುತ್ತದೆ, ಊಟದೊಡನೆ ಕುಡಿದ ಚಹವು ತಡೆಯುತ್ತದೆ. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವವರಿಗೆ ಬೇಳೆಕಾಳುಗಳೇ ಫೋಲೇಟಿನ ಆಸರೆ. ಬಿ-12 ಜೀವಸತ್ವವು ಸಸ್ಯಾಹಾರಿಗೆ ಮುಖ್ಯವಾಗಿ ಹಾಲು-ಮೊಸರುಗಳಿಂದಲೇ ದೊರೆಯುವುದು. ದ್ವಿದಳ ದೋಷವನ್ನು ಪರಿಹರಿಸಲು ಅವನ್ನು ಬೇಳೆಯೊಡನೆ ಬೆರೆಸದೆ ಬೇರೆ ಹೊತ್ತಿನಲ್ಲಿ ಸೇವಿಸಬಹುದು. ರಸಪರಿತ್ಯಾಗದಲ್ಲಿ ಇವೆರಡನ್ನೂ ದೀರ್ಘಕಾಲ ಬಿಡುವುದು ಭಾವೀ ಮಾತೆಗೆ ಹಿತವಲ್ಲ.

ತಪಸ್ಸು ಅನಶನವೊಂದೇ ಅಲ್ಲ. ಆರು ಅಂತರಂಗ ತಪಗಳಲ್ಲಿ ಸ್ವಾಧ್ಯಾಯವೂ ಒಂದು. ಗರ್ಭಿಣಿಯು ಉಪವಾಸದ ದಿನ ಸ್ವಾಧ್ಯಾಯ, ಜಪ, ಸಾಮಾಯಿಕಗಳಲ್ಲಿ ತೊಡಗಿದರೆ ಪರ್ವದ ಆರಾಧನೆಗೆ ಕುಂದಿಲ್ಲ. ಸೊಸೆಯು ಹಸಿದಿರಲೆಂದು ಅತ್ತೆಯು ಒತ್ತಾಯಿಸುವುದರಲ್ಲಿ ಧರ್ಮವಿಲ್ಲ. ಸಕಾಲದಲ್ಲಿ ಆಕೆಗೆ ಶುದ್ಧಾಹಾರವನ್ನು ಬಡಿಸುವುದರಲ್ಲಿ ಅದು ಇದೆ.